ಟಾನ್‌ಬಾಕ್ ತೊರೆಯ ಎರಡು ದಡ: ಮೋಡ್ಲಾರಾಯ್ಟ್ ಹಳ್ಳಿಯನ್ನು ಸೀಳಿದ ಗಡಿಯ ಪ್ರಕರಣ ಅಧ್ಯಯನ

ಜರ್ಮನಿಯ ಬವೇರಿಯಾ ರಾಜ್ಯದ ಹೋಫ್ ಪಟ್ಟಣದ ಹತ್ತಿರ ಮೋಡ್ಲಾರಾಯ್ಟ್ ಎಂಬ ಹಳ್ಳಿಯಿದೆ. ಸುಮಾರು ಐವತ್ತು ಜನರ ಊರು. ಊರಿನ ನಡುವೆ ಹರಿಯುವ ಟಾನ್‌ಬಾಕ್ ತೊರೆಯನ್ನು ಯಾರು ಬೇಕಾದರೂ ನಾಲ್ಕು ಹೆಜ್ಜೆಯಲ್ಲಿ ದಾಟಬಹುದು. 1952ರಿಂದ 1989ರ ಡಿಸೆಂಬರ್‌ವರೆಗೆ ಈ ನಾಲ್ಕು ಹೆಜ್ಜೆ ಇಡುವ ಹಾಗಿರಲಿಲ್ಲ, ಏಕೆಂದರೆ ಪೂರ್ವ ಮತ್ತು ಪಶ್ಚಿಮ ಜರ್ಮನಿಗಳ ಗಡಿ ಈ ತೊರೆಯಲ್ಲೇ ಹಾದುಹೋಗುತ್ತಿತ್ತು. ಪೂರ್ವದ ದಡದವರು ಪಶ್ಚಿಮದ ದಡದಲ್ಲಿ ನಿಂತವರಿಗೆ ಕೈಬೀಸುವುದಕ್ಕೂ ನಿಷೇಧವಿತ್ತು. ಪಶ್ಚಿಮದವರು ಕೂಗಿ ಮಾತಾಡಿಸಿದರೆ ಇತ್ತ ತಲೆ ತಗ್ಗಿಸಿಕೊಂಡು ಹೋಗಬೇಕು. ಅಮೆರಿಕದ ಸೈನಿಕರು ಇದನ್ನು 'ಪುಟ್ಟ ಬರ್ಲಿನ್' ಎಂದು ಕರೆಯುತ್ತಿದ್ದರು.

ಎರಡು ಜರ್ಮನಿಗಳ ನಡುವಿನ ಗಡಿ ಉತ್ತರದಲ್ಲಿ ಬಾಲ್ಟಿಕ್ ಸಮುದ್ರದ ಲ್ಯೂಬೆಕ್ ಕೊಲ್ಲಿಯಿಂದ ದಕ್ಷಿಣದಲ್ಲಿ ಚೆಕೊಸ್ಲೊವಾಕಿಯಾದ ಗಡಿಯವರೆಗೆ 1,393 ಕಿ.ಮೀ. ಉದ್ದವಿತ್ತು. ಪಶ್ಚಿಮ ಬರ್ಲಿನ್ ಸುತ್ತ ಇದ್ದ ಗೋಡೆ ಬೇರೆ, ಅದು ಸುಮಾರು 155 ಕಿ.ಮೀ. ಹೊರಗಿನವರ ನೆನಪಿನಲ್ಲಿ ಉಳಿದಿರುವುದು ಬರ್ಲಿನ್ ಗೋಡೆ ಒಂದೇ. ಆದರೆ ಕೋಟೆಗಡಿ ಎಂಬ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂದು ತಿಳಿಯಲು ಬರ್ಲಿನ್‌ಗಿಂತ ಈ ಹಳ್ಳಿಗಾಡಿನ ಗಡಿಯೇ ಒಳ್ಳೆಯ ಪಾಠ. ಮೋಡ್ಲಾರಾಯ್ಟ್ ಅದರ ದಕ್ಷಿಣದ ತುದಿಗೆ ಹತ್ತಿರದಲ್ಲಿದೆ. ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ: ಕಬ್ಬಿಣ, ಕಾಂಕ್ರೀಟ್, ನೆಲಬಾಂಬು ಈ ಗಡಿಯ ಕೊನೆಯ ಪದರ ಮಾತ್ರ. ಜನರನ್ನು ತಡೆಯುವ ಕೆಲಸದ ಬಹುಪಾಲು ಬೇಲಿಗೆ ಕಿಲೋಮೀಟರ್‌ಗಟ್ಟಲೆ ಮೊದಲೇ, ಗುರುತಿನ ಚೀಟಿ, ಎತ್ತಂಗಡಿ, ನೆರೆಹೊರೆಯ ಕಣ್ಣು ಇವುಗಳಿಂದ ನಡೆಯುತ್ತಿತ್ತು.

ಗೆರೆ ಹಳೆಯದು, ಬೇಲಿ ಹೊಸದು

ಟಾನ್‌ಬಾಕ್ ಉದ್ದಕ್ಕೂ ಗೆರೆ ಎಳೆದವರು ಸೋವಿಯತ್ತರಲ್ಲ. 1810ರಲ್ಲಿ ಬವೇರಿಯಾ ರಾಜ್ಯ ಮತ್ತು ರಾಯ್ಸ್ ಸಂಸ್ಥಾನದ ಗಡಿಯನ್ನು ಇಲ್ಲಿ ಗುರುತಿಸಿ ಕಲ್ಲು ನೆಟ್ಟರು. ಒಂದು ಮುಖದಲ್ಲಿ 'ಕೆಬಿ' (ಬವೇರಿಯಾ ರಾಜ್ಯ), ಇನ್ನೊಂದರಲ್ಲಿ 'ಎಫ್‌ಆರ್' (ರಾಯ್ಸ್ ಸಂಸ್ಥಾನ) ಎಂದು ಕೆತ್ತಿದ ಆ ಕಲ್ಲುಗಳು ಇಂದಿಗೂ ಕಾಣಸಿಗುತ್ತವೆ. 1920ರಲ್ಲಿ ರಾಯ್ಸ್ ಪ್ರದೇಶ ತುರಿಂಜಿಯಾ ರಾಜ್ಯದಲ್ಲಿ ಸೇರಿತು. ಹೀಗೆ ಒಂದೇ ಹಳ್ಳಿ ಎರಡು ಆಡಳಿತಗಳಿಗೆ ಕಂದಾಯ ಕಟ್ಟುತ್ತಿತ್ತು, ಆದರೆ ದಿನದ ಬದುಕು ಒಂದೇ ಆಗಿತ್ತು. ಶಾಲೆಯೂ ಊಟ-ಬಿಯರ್ ಸಿಗುವ ಹೋಟೆಲೂ ತುರಿಂಜಿಯಾದ ದಡದಲ್ಲಿ, ಹೋಗುವ ಚರ್ಚು ಬವೇರಿಯಾದ ಟ್ಯೋಪೆನ್ ಊರಿನಲ್ಲಿ. ಮನೆ ಇತ್ತ, ಹೊಲ ಅತ್ತ ಇದ್ದವರೂ ಇದ್ದರು.

1944ರ ಸೆಪ್ಟೆಂಬರ್ 12ರಂದು ಲಂಡನ್‌ನಲ್ಲಿ ಮಿತ್ರರಾಷ್ಟ್ರಗಳು ಜರ್ಮನಿಯನ್ನು ವಲಯಗಳಾಗಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಾಗ ಹೊಸ ಗೆರೆ ಎಳೆಯುವ ಗೋಜಿಗೆ ಹೋಗಲಿಲ್ಲ. ಹಳೆಯ ಪ್ರಾಂತ, ಸಂಸ್ಥಾನಗಳ ಗಡಿಗಳನ್ನೇ ಎತ್ತಿಕೊಂಡರು. ಮುಂದಿನ ಎಲ್ಲ ವಿಚಿತ್ರಗಳ ಮೂಲ ಇಲ್ಲಿದೆ. ಸಂಸ್ಥಾನದ ಗಡಿಗಳು ಮದುವೆ, ಪಾಲು, ಜಗಳಗಳಿಂದ ಹುಟ್ಟಿದ ಅಂಕುಡೊಂಕು ಗೆರೆಗಳು. ಕಾವಲು ಕಾಯಲು ಬೇಕಾದ ಗುಣ ಅವುಗಳಲ್ಲಿ ಒಂದೂ ಇರಲಿಲ್ಲ. ಹೆಸ್ಸೆಯ ಫಿಲಿಪ್ಸ್‌ಟಾಲ್‌ನಲ್ಲಿ ಗೆರೆ ಒಂದು ಮುದ್ರಣಾಲಯದ ಕಟ್ಟಡದೊಳಗೇ ಹಾದುಹೋಗುತ್ತಿತ್ತು. ಅಲ್ಲಿನವರು ಮನೆಯೊಳಗಿನ ಬಾಗಿಲಿಗೆ ಇಟ್ಟಿಗೆ ಕಟ್ಟಿ ಒಂದು ಭಾಗವನ್ನು ಪೂರ್ವಕ್ಕೆ ಬಿಟ್ಟುಕೊಟ್ಟರು. ಎಲ್ಬೆ ನದಿಯಲ್ಲಿ ಗಡಿ ಹರಿವಿನ ಮಧ್ಯದಲ್ಲಿದೆಯೋ ಪೂರ್ವದ ದಡದಲ್ಲಿದೆಯೋ ಎಂಬ ತಕರಾರಂತೂ ಎರಡು ದೇಶಗಳು ಒಂದಾಗುವವರೆಗೂ ಬಗೆಹರಿಯಲಿಲ್ಲ.

1949ರಲ್ಲಿ ಎರಡು ಜರ್ಮನ್ ರಾಷ್ಟ್ರಗಳು ಹುಟ್ಟಿದ ಮೇಲೂ ಮೋಡ್ಲಾರಾಯ್ಟ್‌ನವರು ಪಾಸ್ ತೋರಿಸಿ ಅತ್ತಿತ್ತ ಹೋಗಿಬರುತ್ತಿದ್ದರು. ಅದು ನಿಂತದ್ದು 1952ರ ಮೇ 26ರ ಆದೇಶದಿಂದ.

1952: ಮೊದಲು ಕಾಗದ, ಆಮೇಲೆ ಮುಳ್ಳುತಂತಿ

ಪೂರ್ವ ಜರ್ಮನಿ ಸರ್ಕಾರ ಅಂದು ಗಡಿಯ ಉದ್ದಕ್ಕೂ ಮೂರು ಪಟ್ಟಿಗಳನ್ನು ಘೋಷಿಸಿತು. ಗೆರೆಗೆ ತಾಗಿಕೊಂಡು 10 ಮೀಟರ್ ಅಗಲದ ಉತ್ತ ನೆಲ. ಅದರಲ್ಲಿ ಕಾಲಿಟ್ಟವರ ಮೇಲೆ ಗುಂಡು. ಅದರ ಹಿಂದೆ 500 ಮೀಟರ್‌ಗಳ ರಕ್ಷಣಾ ಪಟ್ಟಿ. ಅಲ್ಲಿ ಕತ್ತಲಾದ ಮೇಲೆ ಬೆಳಗಾಗುವವರೆಗೆ ಮನೆಯಿಂದ ಹೊರಬರುವಂತಿಲ್ಲ. ಅದರ ಹಿಂದೆ 5 ಕಿ.ಮೀ. ಆಳದ ನಿರ್ಬಂಧಿತ ವಲಯ. ಅಲ್ಲಿ ವಾಸಿಸಲು ಗುರುತಿನ ಚೀಟಿಯಲ್ಲಿ ಮೊಹರು ಬೇಕು, ಹೊರಗಿನ ನೆಂಟರಿಷ್ಟರು ಬರಲು ಪರವಾನಗಿ ಬೇಕು, ಸಭೆ-ಸಮಾರಂಭ ರಾತ್ರಿ 10ಕ್ಕೆ ಮುಗಿಯಬೇಕು. ಅದೇ ವರ್ಷ 32 ರೈಲು ಮಾರ್ಗಗಳು, 3 ಆಟೊಬಾನ್ ಹೆದ್ದಾರಿಗಳು, ಜೊತೆಗೆ ಸಾವಿರಾರು ಗಾಡಿದಾರಿಗಳು ತುಂಡಾದವು.

ಮೋಡ್ಲಾರಾಯ್ಟ್‌ನ ಪೂರ್ವ ಭಾಗ ಇಡೀ 500 ಮೀಟರ್ ಪಟ್ಟಿಯೊಳಗೆ ಬಿತ್ತು. ಬವೇರಿಯಾದ ಕಡೆಯ ಮಕ್ಕಳಿಗೆ ಶಾಲೆ ಇಲ್ಲದಾಯಿತು, ತುರಿಂಜಿಯಾದ ಕಡೆಯವರಿಗೆ ಚರ್ಚು ತಪ್ಪಿತು. ತೊರೆಯ ಪಕ್ಕ ಆಳೆತ್ತರದ ಹಲಗೆಯ ಬೇಲಿ ಎದ್ದಿತು. ಓಡಿಹೋಗುವವನನ್ನು ಹಲಗೆಬೇಲಿ ತಡೆಯುವುದಿಲ್ಲ. ಅದರ ಕೆಲಸ ದೃಷ್ಟಿ ತಡೆಯುವುದು. ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೆ ಮಾತು, ಸನ್ನೆ, ಸಂಚು ಯಾವುದೂ ಹುಟ್ಟದು ಎಂಬ ಲೆಕ್ಕಾಚಾರ.

ಇದಕ್ಕಿಂತ ಕಠಿಣವಾದದ್ದು ಎತ್ತಂಗಡಿ. 1952ರ ಮೇ-ಜೂನ್‌ನಲ್ಲಿ ಗಡಿವಲಯದ ಸುಮಾರು 8,000 ಜನರನ್ನು 'ರಾಜಕೀಯವಾಗಿ ನಂಬಲರ್ಹರಲ್ಲ' ಎಂದು ಪಟ್ಟಿಮಾಡಿ ಒಳನಾಡಿಗೆ ಸಾಗಿಸಿದರು. ತುರಿಂಜಿಯಾದಲ್ಲಿ ಈ ಕಾರ್ಯಾಚರಣೆಯ ಗುಪ್ತನಾಮ 'ಕ್ರಿಮಿಕೀಟ'. ನಸುಕಿನಲ್ಲಿ ಪೊಲೀಸರು ಬಾಗಿಲು ಬಡಿಯುತ್ತಿದ್ದರು, ಕೆಲವೇ ಗಂಟೆಯಲ್ಲಿ ಸಾಮಾನು ಲಾರಿಗೆ ಏರಬೇಕಿತ್ತು, ಎಲ್ಲಿಗೆ ಎಂದು ಹೇಳುತ್ತಿರಲಿಲ್ಲ. ಪಟ್ಟಿಯಲ್ಲಿ ಸೇರಲು ಪಶ್ಚಿಮದಲ್ಲಿ ನೆಂಟರಿರುವುದು, ಹಳ್ಳಿಯಲ್ಲಿ ಸ್ವಲ್ಪ ಗಟ್ಟಿಕುಳ ಎನಿಸಿಕೊಂಡಿರುವುದು, ಯಾರೋ ಸ್ಥಳೀಯ ಅಧಿಕಾರಿಯ ಕಣ್ಣಿಗೆ ಬಿದ್ದಿರುವುದು ಸಾಕಿತ್ತು. 1961ರ ಅಕ್ಟೋಬರ್‌ನಲ್ಲಿ ಎರಡನೇ ಸುತ್ತು ನಡೆಯಿತು, ಸುಮಾರು 3,000 ಜನ. ಈ ಎತ್ತಂಗಡಿಯ ಫಲ ಎರಡು ಬಗೆಯದು. ಗಡಿಯ ಮೇಲೆ ದಾಟುವ ದಾರಿ ಬಲ್ಲ, ಅತ್ತ ನೆಂಟರಿರುವ ಜನ ಕಡಿಮೆಯಾದರು. ಉಳಿದವರಿಗೆ ಸುಮ್ಮನಿರಬೇಕೆಂಬ ಪಾಠ ಸಿಕ್ಕಿತು. ಎರಡನೆಯದೇ ಹೆಚ್ಚು ಬಾಳಿಕೆ ಬಂದದ್ದು.

ಆದರೆ ಬರ್ಲಿನ್‌ನಲ್ಲಿ ದಾರಿ ತೆರೆದೇ ಇತ್ತು. ಹಳ್ಳಿಗಾಡಿನ ಗಡಿ ಮುಚ್ಚಿದ ಮೇಲೆ ಹೋಗಬೇಕೆಂದವರು ರೈಲು ಹತ್ತಿ ಬರ್ಲಿನ್‌ಗೆ ಹೋಗಿ, ನಗರದ ಒಳಗಿನ ರೈಲಿನಲ್ಲಿ ಪಶ್ಚಿಮದ ನಿಲ್ದಾಣದಲ್ಲಿ ಇಳಿದುಬಿಡುತ್ತಿದ್ದರು. 1949ರಿಂದ 1961ರವರೆಗೆ ಪೂರ್ವ ಜರ್ಮನಿ ಬಿಟ್ಟವರು ಸುಮಾರು 27 ಲಕ್ಷ. 1961ರ ಜುಲೈ ಒಂದೇ ತಿಂಗಳಲ್ಲಿ 30,000. ಆಗಸ್ಟ್ 13ರ ರಾತ್ರಿ ಆ ಕಿಂಡಿಯನ್ನೂ ಮುಚ್ಚಿದರು. ಅದಾದ ಮೇಲೆ ಒತ್ತಡ ಹಳ್ಳಿಗಾಡಿನ ಗಡಿಗೆ ತಿರುಗಿತು, ಅಲ್ಲಿ ನೆಲಬಾಂಬು ಹೂಳುವ ಕೆಲಸ ಶುರುವಾಯಿತು.

ಬೇಲಿಯ ಪದರಗಳು, ಪೂರ್ವದಿಂದ ಪಶ್ಚಿಮಕ್ಕೆ

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಬಯಲಿನಲ್ಲಿ ಪೂರ್ಣರೂಪದಲ್ಲಿದ್ದ ಗಡಿಯನ್ನು ಓಡಿಹೋಗುವವನ ದಿಕ್ಕಿನಿಂದ ನೋಡಬೇಕು, ಆಗ ಮಾತ್ರ ಅದರ ತರ್ಕ ಗೊತ್ತಾಗುತ್ತದೆ.

5 ಕಿ.ಮೀ. ವಲಯದ ಬಾಯಿಯಲ್ಲಿ ರಸ್ತೆ ತಪಾಸಣಾ ಠಾಣೆ. ಚೀಟಿಯಲ್ಲಿ ಮೊಹರಿಲ್ಲದಿದ್ದರೆ ಅಲ್ಲೇ ಬಂಧನ. ಬಸ್ಸಿನಲ್ಲಿ, ರೈಲಿನಲ್ಲಿ ಸಾರಿಗೆ ಪೊಲೀಸರು. ಹಳ್ಳಿಗಳಲ್ಲಿ ಗಡಿಪಡೆಯ 'ಸ್ವಯಂಸೇವಕ ಸಹಾಯಕರು': ಅಂಗಡಿಯವ, ಟ್ರ್ಯಾಕ್ಟರ್ ಚಾಲಕ, ಅರಣ್ಯ ಕೆಲಸಗಾರ. ಅಪರಿಚಿತ ಮುಖ ಕಂಡರೆ ಫೋನ್ ಮಾಡುವುದು ಇವರ ಕೆಲಸ. ಮೊಹರಿಲ್ಲದೆ ಯಾರೂ ಬರಲಾಗದ ಊರಿನಲ್ಲಿ ಅಪರಿಚಿತ ಎಂದರೇನೇ ಅಪರಾಧಿ, ಗುರುತಿಸುವುದು ಸುಲಭ.

ಅದನ್ನು ದಾಟಿದರೆ ಸುಮಾರು 2 ಮೀಟರ್ ಎತ್ತರದ ಸಂಕೇತ ಬೇಲಿ. ಗೆರೆಯಿಂದ ಕೆಲವು ನೂರು ಮೀಟರ್ ಹಿಂದಿದ್ದ ಇದು ನೋಡಲು ಸಾಧಾರಣ, ಆದರೆ ಇಡೀ ವ್ಯವಸ್ಥೆಯ ನರ ಇದೇ. ಕಡಿಮೆ ವೋಲ್ಟೇಜಿನ ತಂತಿಗಳು ಒಂದನ್ನೊಂದು ಮುಟ್ಟಿದರೆ ಅಥವಾ ಕತ್ತರಿಸಿದರೆ ನಿಯಂತ್ರಣ ಗೋಪುರದಲ್ಲಿ ಯಾವ ತುಂಡಿನಲ್ಲಿ ತೊಂದರೆ ಎಂದು ದೀಪ ಹತ್ತುತ್ತಿತ್ತು. ಬೇಲಿಯ ಬಳಿ ಶಬ್ದವಾಗದಂತೆ ಎಚ್ಚರಿಕೆ ಕೊಡುವ ಏರ್ಪಾಡೂ ಇತ್ತು, ದಾಟಿದವನಿಗೆ ತಾನು ಸಿಕ್ಕಿಬಿದ್ದದ್ದು ಗೊತ್ತೇ ಆಗಬಾರದು. ಬೇಲಿಯ ಬುಡದಲ್ಲಿ 2 ಮೀಟರ್ ಅಗಲದ ಹದಮಾಡಿದ ಮಣ್ಣು, ಹೆಜ್ಜೆ ಮೂಡಲೆಂದು.

ಇಲ್ಲಿಂದ ಮುಂದೆ ಕಾಲದ ಓಟ. ರಾತ್ರಿ ಹೊಲ, ಪೊದೆ, ಇಳಿಜಾರು ದಾಟಿ ಐನೂರು ಮೀಟರ್ ಹೋಗಲು ಅಪರಿಚಿತನಿಗೆ ಹತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ಗಸ್ತುಪಡೆ ತೂತುಗಳಿರುವ ಕಾಂಕ್ರೀಟ್ ಹಲಗೆಗಳನ್ನು ಎರಡು ಸಾಲು ಹಾಸಿದ ರಸ್ತೆಯಲ್ಲಿ ವಾಹನ ಓಡಿಸಿ ಅವನಿಗಿಂತ ಮೊದಲು ಮುಂದಿನ ಬೇಲಿ ತಲುಪಬೇಕು. ತೂತು ಬಿಟ್ಟದ್ದು ಮಳೆನೀರು ಇಂಗಲೆಂದು, ಮಣ್ಣು ಕುಸಿಯದಿರಲೆಂದು. ರಸ್ತೆಯ ಪಕ್ಕ 6 ಮೀಟರ್ ಅಗಲದ ಇನ್ನೊಂದು ನಿಯಂತ್ರಣ ಪಟ್ಟಿ. ಇದನ್ನು ಹರಗಿ, ಕಳೆನಾಶಕ ಸಿಂಪಡಿಸಿ ಬೋಳಾಗಿಡುತ್ತಿದ್ದರು. ಬೆಳಗಿನ ಗಸ್ತು ಹೆಜ್ಜೆಯ ದಿಕ್ಕು, ಆಳ, ಹೊಸತೋ ಹಳತೋ ಎಂದು ಓದುತ್ತಿತ್ತು.

ಮುಂದೆ ವಾಹನ ತಡೆಯುವ ಕಂದಕ. ಈ ಕಂದಕದ ಆಕಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೂರ್ವದ ಕಡೆ ಇಳಿಜಾರು, ಪಶ್ಚಿಮದ ಕಡೆ ಕಾಂಕ್ರೀಟ್ ಹಲಗೆ ನಿಲ್ಲಿಸಿದ ಕಡಿದಾದ ಮುಖ. ಪಶ್ಚಿಮದಿಂದ ನುಗ್ಗುವ ಟ್ಯಾಂಕಿಗೆ ಇದು ಅಡ್ಡಿಯೇ ಅಲ್ಲ. ಪೂರ್ವದಿಂದ ಬರುವ ಲಾರಿ ಮಾತ್ರ ಇಳಿದು ಮೂಗು ಜಜ್ಜಿಕೊಳ್ಳುತ್ತದೆ. ಬರ್ಲಿನ್ ಗೋಡೆಯನ್ನು 'ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಗೋಡೆ' ಎಂದು ಕರೆದ ಸರ್ಕಾರದ ಮಾತಿಗೆ ಈ ಕಂದಕದ ಅಡ್ಡಕೊಯ್ತಕ್ಕಿಂತ ಚೆನ್ನಾದ ಉತ್ತರ ಬೇರೆ ಬೇಡ.

ಕಂದಕದ ಆಚೆ ಮುಂದಿನ ಬೇಲಿ: ಸುಮಾರು 3.2 ಮೀಟರ್ ಎತ್ತರ, ಉಕ್ಕಿನ ತಗಡನ್ನು ಸೀಳಿ ಎಳೆದು ಮಾಡಿದ ಜಾಲರಿ. ಕಣ್ಣುಗಳು ಬೆರಳು ತೂರದಷ್ಟು ಚಿಕ್ಕವು, ಅಂಚು ಬ್ಲೇಡಿನಷ್ಟು ಹರಿತ. ಹಲಗೆಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಜೋಡಿಸಿದ್ದರಿಂದ ಇಕ್ಕಳಕ್ಕೂ ಹಿಡಿತ ಸಿಗದು. ಮುಳ್ಳುತಂತಿಗಿಂತ ಇದು ಬಾಳಿಕೆ ಬರುತ್ತಿತ್ತು, ದುರಸ್ತಿ ಕಡಿಮೆ. ಬೇಲಿಯ ಆಚೆಗೂ ಕೆಲವು ಕಡೆ ಹತ್ತಾರು ಮೀಟರ್ ಪೂರ್ವ ಜರ್ಮನಿಯ ನೆಲವೇ ಇತ್ತು. ನಿಜವಾದ ಗೆರೆಯ ಮೇಲೆ ಇದ್ದದ್ದು ಕಲ್ಲು, ಅದರ ಹಿಂದೆ ಕಪ್ಪು-ಕೆಂಪು-ಹೊನ್ನಿನ ಬಣ್ಣದ ಕಾಂಕ್ರೀಟ್ ಕಂಬ. ಬೇಲಿ ಹತ್ತಿ ಇಳಿದವನು ಪಾರಾದೆ ಎಂದುಕೊಂಡರೆ ತಪ್ಪು. ಪಶ್ಚಿಮದ ಪ್ರವಾಸಿಯೂ ಬೇಲಿ ಮುಟ್ಟಿ ಫೋಟೊ ತೆಗೆಸಿಕೊಳ್ಳಲು ಹೋದರೆ ಗಡಿ ದಾಟಿದಂತೆಯೇ. ಬೇಲಿಯ ಕಿರುಬಾಗಿಲಿನಿಂದ ಹೊರಬಂದು ಈ ಪಟ್ಟಿಯಲ್ಲಿ ತಿರುಗುತ್ತಿದ್ದವರು ವಿಶೇಷವಾಗಿ ನಂಬಿಕೆಗೆ ಪಾತ್ರರಾದ ಗಡಿ ಗುಪ್ತಚರ ಸೈನಿಕರು ಮಾತ್ರ.

ಹಳ್ಳಿಯೊಳಗೆ ಈ ಲೆಕ್ಕ ನಡೆಯುವುದಿಲ್ಲ

ಮೇಲಿನ ವಿನ್ಯಾಸಕ್ಕೆ ಆಳ ಬೇಕು. ಮೋಡ್ಲಾರಾಯ್ಟ್‌ನಲ್ಲಿ ಮನೆಯ ಹಿತ್ತಿಲಿನಿಂದ ಗೆರೆಗೆ ಕೆಲವೇ ಮೀಟರ್. ಎಚ್ಚರಿಕೆ ದೀಪ ಹತ್ತಿ ಗಸ್ತುಪಡೆ ಹೊರಡುವಷ್ಟರಲ್ಲಿ ಓಡುವವನು ಬವೇರಿಯಾದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿರುತ್ತಾನೆ. ಇಂಥ ಕಡೆ ಸರ್ಕಾರಕ್ಕೆ ಇದ್ದದ್ದು ಎರಡೇ ದಾರಿ: ಹಳ್ಳಿಯನ್ನು ಕೆಡವುವುದು, ಇಲ್ಲವೆ ಗೋಡೆ ಕಟ್ಟುವುದು.

ತುರಿಂಜಿಯಾದ ಬಿಲ್‌ಮುಟ್‌ಹೌಸೆನ್ ಮೊದಲನೆಯದಕ್ಕೆ ಉದಾಹರಣೆ. ಅಲ್ಲಿನವರನ್ನು ಹಂತಹಂತವಾಗಿ ತೆರವು ಮಾಡಿ, ಚರ್ಚನ್ನೂ ಬಿಡದೆ, 1978ರ ಹೊತ್ತಿಗೆ ಊರನ್ನು ನೆಲಸಮ ಮಾಡಿದರು. ಗಡಿಯುದ್ದಕ್ಕೂ ಹೀಗೆ ಅಳಿಸಿಹೋದ ಊರುಗಳು, ಒಂಟಿ ತೋಟದಮನೆಗಳು ಅನೇಕ. ಮೋಡ್ಲಾರಾಯ್ಟ್‌ಗೆ ಬಂದದ್ದು ಎರಡನೆಯ ಗತಿ. 1966ರಲ್ಲಿ 700 ಮೀಟರ್ ಉದ್ದ, 3.3 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಊರಿನ ನಡುವೆ ಎದ್ದಿತು. ರಾತ್ರಿಯಿಡೀ ದೀಪ, ಪಕ್ಕದಲ್ಲಿ ಕಾವಲು ಗೋಪುರ. ಇಡೀ 1,393 ಕಿ.ಮೀ. ಗಡಿಯಲ್ಲಿ ಕಾಂಕ್ರೀಟ್ ಗೋಡೆ ಇದ್ದದ್ದು ಸುಮಾರು 30 ಕಿ.ಮೀ. ಮಾತ್ರ, ಬಹುತೇಕ ಹೀಗೆ ಗೆರೆಗೆ ಅಂಟಿಕೊಂಡ ಊರುಗಳಲ್ಲಿ. ಜಾಲರಿ ಬೇಲಿಯ ಮೂಲಕ ಆಚೆ ಕಾಣುತ್ತದೆ, ಲಾರಿಯಿಂದ ಗುದ್ದಿದರೆ ಬಾಗುತ್ತದೆ. ಗೋಡೆಗೆ ಆ ಎರಡೂ ದೋಷವಿಲ್ಲ.

ಆದರೂ ಮೋಡ್ಲಾರಾಯ್ಟ್‌ನಲ್ಲಿ ಗೋಡೆಯನ್ನೇ ಹತ್ತಿ ಒಬ್ಬ ಪಾರಾದ, 1973ರ ಮೇ 25ರಂದು. ವಾಹನವನ್ನು ಗೋಡೆಯ ಬಳಿಗೆ ತಂದು, ತಾನೇ ಮಾಡಿಕೊಂಡ ಏಣಿಯಿಂದ ಏರಿ ಆಚೆ ಹಾರಿದ. ತಂತ್ರದಲ್ಲಿ ಹೊಸದೇನೂ ಇಲ್ಲ, 3.3 ಮೀಟರ್ ಗೋಡೆಗೆ ಏಣಿಯೇ ಸಾಕು ಎನ್ನುವುದು ಯಾರಿಗಾದರೂ ಗೊತ್ತು. ಏಣಿ ಸಮೇತ ಗೋಡೆಯ ಬುಡದವರೆಗೆ ಬರುವುದೇ ಕಷ್ಟದ ಭಾಗ.

ಪೂರ್ವ ಜರ್ಮನಿಯದೇ ಆಂತರಿಕ ಲೆಕ್ಕ ಇದನ್ನು ಖಚಿತಪಡಿಸುತ್ತದೆ. 1974ರ ಜನವರಿಯಿಂದ 1979ರ ನವೆಂಬರ್‌ವರೆಗೆ ಈ ಗಡಿ ದಾಟಲು ಯತ್ನಿಸಿದವರು 4,956. ಅವರಲ್ಲಿ 3,984 ಜನ, ಎಂದರೆ ನೂರಕ್ಕೆ ಎಂಬತ್ತು, ಬೇಲಿಯನ್ನು ಕಾಣುವ ಮೊದಲೇ ಹೊರವಲಯದಲ್ಲಿ ಪೊಲೀಸರ ಕೈಗೆ ಸಿಕ್ಕರು. ಪಾರಾದವರು 229. ನೆಲಬಾಂಬು ಮತ್ತು ಸ್ವಯಂಚಾಲಿತ ಬಂದೂಕುಗಳು ತಡೆದವರು, ಅಂದರೆ ಕೊಂದವರು ಅಥವಾ ಗಾಯಗೊಳಿಸಿದವರು, ನೂರಕ್ಕೆ ಎರಡಕ್ಕಿಂತ ಕಡಿಮೆ. ಜಗತ್ತಿನ ಕಣ್ಣಿಗೆ ಕುಖ್ಯಾತವಾದ ಉಪಕರಣಗಳು ಕೆಲಸದಲ್ಲಿ ಇಷ್ಟೇ. ಅವುಗಳ ನಿಜವಾದ ಪರಿಣಾಮ ಹೊರಡಲೇ ಧೈರ್ಯವಾಗದ ಲಕ್ಷಾಂತರ ಜನರ ಮೇಲೆ.

ಏನು ಕೆಟ್ಟಿತು, ಏಕೆ

ಯಾವ ಗಡಿಯೂ ನಕ್ಷೆಯಲ್ಲಿದ್ದಂತೆ ನೆಲದ ಮೇಲೆ ನಡೆಯದು. ಮೊದಲು ನೆಲಬಾಂಬು. ಒಟ್ಟು ಸುಮಾರು 13 ಲಕ್ಷ ಹೂಳಿದರು. ಆರಂಭದವು ಸೋವಿಯತ್ ಮಾದರಿಯ ಮರದ ಪೆಟ್ಟಿಗೆಗಳು, ಒಂದೊಂದರಲ್ಲಿ 200 ಗ್ರಾಂ ಟಿಎನ್‌ಟಿ ಸ್ಫೋಟಕ. ತೇವದ ಮಣ್ಣಿನಲ್ಲಿ ಮರ ಕೊಳೆಯಿತು, ಹಿಮ ಕಟ್ಟಿ ಕರಗುವಾಗ ಪೆಟ್ಟಿಗೆಗಳು ಜರುಗಿದವು, ಮೊಲ-ಜಿಂಕೆ ತುಳಿದು ಸ್ಫೋಟಿಸಿದವು. ತೊರೆಗಳಿಗೆ ನೆರೆ ಬಂದರೆ ಕೊಚ್ಚಿಕೊಂಡು ಪಶ್ಚಿಮದ ಹುಲ್ಲುಗಾವಲಿಗೂ ಹೋಗುತ್ತಿದ್ದವು. ಬದಲಿಗೆ ಬಂದ ಪ್ಲಾಸ್ಟಿಕ್ ಬಾಂಬುಗಳು ಕೊಳೆಯಲಿಲ್ಲ, ಆದರೆ ಲೋಹಶೋಧಕಕ್ಕೆ ಸುಲಭವಾಗಿ ಸಿಗದ ಕಾರಣ ಹುಡುಕಿ ತೆಗೆಯುವುದು ಇನ್ನೂ ಕಷ್ಟವಾಯಿತು. 1985ಕ್ಕೆ ಎಲ್ಲ ತೆಗೆದಾಯಿತು ಎಂದು ದಾಖಲೆ ಹೇಳಿತು. ದೇಶ ಒಂದಾದ ಮೇಲೆ ಮತ್ತೆ ಶೋಧಿಸಿದಾಗ, 1995ರ ಹೊತ್ತಿಗೆ, ಸಾವಿರಕ್ಕೂ ಹೆಚ್ಚು ಸಿಕ್ಕವು.

ಎರಡನೆಯದು ಎಸ್‌ಎಂ-70, ಮೇಲೆ ಹೇಳಿದ ಸ್ವಯಂಚಾಲಿತ ಬಂದೂಕು. 1970ರ ದಶಕದ ಆರಂಭದಿಂದ ಮುಂದಿನ ಬೇಲಿಯ ಪೂರ್ವ ಮುಖಕ್ಕೆ ಮೂರು ಎತ್ತರದಲ್ಲಿ ಕಟ್ಟಿದ ಶಂಕುವಿನಾಕಾರದ ಸಾಧನ. ಒಳಗೆ ಸುಮಾರು 100 ಗ್ರಾಂ ಟಿಎನ್‌ಟಿ, ಮುಂದೆ ಉಕ್ಕಿನ ಚೂರುಗಳು. ಬೇಲಿಗುಂಟ ಎಳೆದ ತಂತಿ ಅಲುಗಿದರೆ ಬೇಲಿಗೆ ಸಮಾನಾಂತರವಾಗಿ ಸಿಡಿಯುತ್ತಿತ್ತು. ಒಟ್ಟು ಸುಮಾರು 60,000 ಅಳವಡಿಸಿದ್ದರು. ಇಂಥದ್ದು ಇದೆ ಎಂಬುದನ್ನೇ ಪೂರ್ವ ಜರ್ಮನಿ ಒಪ್ಪುತ್ತಿರಲಿಲ್ಲ. ಪೂರ್ವದ ಸೆರೆಮನೆಯಲ್ಲಿ ಹತ್ತು ವರ್ಷ ಕಳೆದು ಪಶ್ಚಿಮಕ್ಕೆ ಬಂದಿದ್ದ ಮಿಖಾಯೆಲ್ ಗಾರ್ಟನ್‌ಶ್ಲೇಗರ್ 1976ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಕತ್ತಲಲ್ಲಿ ಬೇಲಿಗೆ ಹೋಗಿ ಎರಡನ್ನು ಬಿಚ್ಚಿ ತಂದ, ನಿರಾಕರಣೆ ಅಲ್ಲಿಗೆ ಸುಳ್ಳಾಯಿತು. ಮೂರನೆಯ ಸಲ, ಏಪ್ರಿಲ್ 30ರ ರಾತ್ರಿ, ಹೊಂಚುಹಾಕಿದ್ದ ಸ್ಟಾಸಿ (ಪೂರ್ವ ಜರ್ಮನಿಯ ಗುಪ್ತ ಪೊಲೀಸ್) ತಂಡ ಅವನನ್ನು ಗುಂಡಿಕ್ಕಿ ಕೊಂದಿತು.

ಎಸ್‌ಎಂ-70ಗಳನ್ನು ಕೊನೆಗೆ ಇಳಿಸಿದ್ದು ಹಣದ ಸಂಬಂಧ. 1983ರಲ್ಲಿ ಬವೇರಿಯಾದ ಮುಖ್ಯಸ್ಥ ಫ್ರಾನ್ಸ್ ಯೋಸೆಫ್ ಸ್ಟ್ರೌಸ್ ಮಧ್ಯಸ್ಥಿಕೆಯಲ್ಲಿ ಪೂರ್ವ ಜರ್ಮನಿಗೆ 100 ಕೋಟಿ ಮಾರ್ಕ್ ಸಾಲ ಸಿಕ್ಕಿತು, ಮರುವರ್ಷ ಇನ್ನೊಂದು. 1984ರ ನವೆಂಬರ್ ಕೊನೆಯ ಹೊತ್ತಿಗೆ ಕೊನೆಯ ಎಸ್‌ಎಂ-70 ಕೆಳಗಿಳಿಯಿತು. ಹಾಗೆಂದು ಗಡಿ ಸಡಿಲಾಗಲಿಲ್ಲ, ಸಂಕೇತ ಬೇಲಿಯನ್ನು ಬಲಪಡಿಸಿದರು. ನಮ್ಮ ವಾದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ: ಕೊಲ್ಲುವ ಪದರ ತೆಗೆದರೂ ತಡೆಯುವ ಪದರ ಹಾಗೆಯೇ ಇತ್ತು.

ಗೋಪುರಗಳದು ಬೇರೆ ಕಥೆ. 11 ಮೀಟರ್ ಎತ್ತರದ ದುಂಡು ಕಂಬದ ಬಿಟಿ-11 ಮಾದರಿಯನ್ನು ಉಂಗುರ ಜೋಡಿಸಿದಂತೆ ಬೇಗ ನಿಲ್ಲಿಸಬಹುದಿತ್ತು. ಆದರೆ ತೆಳ್ಳಗಿನ ಕಂಬದ ಮೇಲೆ ಭಾರದ ಕೋಣೆ. ಮೆತ್ತನೆಯ ನೆಲದಲ್ಲಿ, ಬಿರುಗಾಳಿಯಲ್ಲಿ ಕೆಲವು ಉರುಳಿದವು. ಒಳಗಿನ ಏಣಿದಾರಿ ಎಷ್ಟು ಕಿರಿದೆಂದರೆ ಚಳಿಗಾಲದ ಕೋಟು, ಬಂದೂಕು ಸಮೇತ ಏರುವುದೇ ಸಾಹಸ. ಎಪ್ಪತ್ತರ ದಶಕದ ಮಧ್ಯದಿಂದ ಚೌಕಾಕಾರದ, 9 ಮೀಟರಿನ ಬಿಟಿ-9 ಬಂತು. ಸಂಕೇತ ಬೇಲಿಗೂ ದೋಷವಿತ್ತು. ಗಾಳಿಗೆ ಬೀಳುವ ಕೊಂಬೆ, ಹಿಮದ ಭಾರ, ಹಕ್ಕಿ, ಕಾಡುಹಂದಿ, ಎಲ್ಲಕ್ಕೂ ದೀಪ ಹತ್ತುತ್ತಿತ್ತು. ಪ್ರತಿ ಸುಳ್ಳು ಎಚ್ಚರಿಕೆಗೂ ಪಡೆ ಓಡಬೇಕು. ಓಡಿ ಓಡಿ ಬೇಸತ್ತ ಪಡೆ ನಿಜವಾದ ಎಚ್ಚರಿಕೆಗೂ ನಿಧಾನವಾಗುತ್ತದೆ.

ಎಲ್ಲಕ್ಕಿಂತ ದುರ್ಬಲವಾದ ಭಾಗ ಕಾವಲುಗಾರನೇ. ಗಡಿಪಡೆಯ ಬಹುಪಾಲು ಕಡ್ಡಾಯ ಸೇವೆಗೆ ಬಂದ ಹತ್ತೊಂಬತ್ತು-ಇಪ್ಪತ್ತರ ಹುಡುಗರು. ಅವರಿಗೇ ಆಚೆ ಹೋಗುವ ಅವಕಾಶ ಎಲ್ಲರಿಗಿಂತ ಹೆಚ್ಚು. ಅದಕ್ಕಾಗಿ ಗಸ್ತಿಗೆ ಯಾವಾಗಲೂ ಇಬ್ಬರು. ಜೊತೆಗಾರ ಯಾರೆಂದು ಹೊರಡುವ ಹೊತ್ತಿಗೆ ಗೊತ್ತಾಗುತ್ತಿತ್ತು, ಒಂದೇ ಜೋಡಿಯನ್ನು ಪದೇ ಪದೇ ಕಳಿಸುತ್ತಿರಲಿಲ್ಲ, ತವರಿನ ಹತ್ತಿರ ಯಾರನ್ನೂ ಹಾಕುತ್ತಿರಲಿಲ್ಲ, ತುಕಡಿಯೊಳಗೆ ಸ್ಟಾಸಿಗೆ ವರದಿ ಕೊಡುವವರು ಇರುತ್ತಿದ್ದರು. ಇಬ್ಬರೂ ಆಚೆ ನೋಡುವ ಬದಲು ಒಬ್ಬರನ್ನೊಬ್ಬರು ನೋಡಬೇಕು. ಇಷ್ಟಾಗಿಯೂ ಸಾವಿರಾರು ಸೈನಿಕರು ಓಡಿಹೋದರು. 1982ರ ಗಡಿ ಕಾನೂನು ಬಂದೂಕು ಬಳಕೆಯನ್ನು ಅಕ್ಷರದಲ್ಲಿ ಬರೆಯಿತು. ಅದಕ್ಕೆ ಮೊದಲೂ ಸೇವಾ ಆದೇಶಗಳು ಅದನ್ನೇ ಹೇಳುತ್ತಿದ್ದವು. ಬರ್ಲಿನ್ ಗೋಡೆಯಲ್ಲಿ ಸತ್ತವರು ಕನಿಷ್ಠ 140. ಹಳ್ಳಿಗಾಡಿನ ಗಡಿಯ ಬಗ್ಗೆ 2017ರಲ್ಲಿ ಪ್ರಕಟವಾದ ಸಂಶೋಧನೆ 327 ಎಂದಿತು. ಯಾರನ್ನು ಗಡಿಯ ಬಲಿ ಎಂದು ಎಣಿಸಬೇಕೆಂಬ ವಿವಾದ ಆಮೇಲೂ ನಡೆಯಿತು.

ಎರಡು ದೇಶಗಳ ಸಂಬಂಧ ಸುಧಾರಿಸಿದ್ದರ ಲಾಭವೂ ಮೋಡ್ಲಾರಾಯ್ಟ್‌ಗೆ ಸಿಗಲಿಲ್ಲ ಎನ್ನುವುದು ಗಮನಿಸಬೇಕಾದ ವಿಷಯ. 1972ರ ಡಿಸೆಂಬರ್‌ನ ಮೂಲ ಒಪ್ಪಂದದ ನಂತರ 'ಕಿರು ಗಡಿ ಸಂಚಾರ' ಆರಂಭವಾಯಿತು, ಗಡಿಜಿಲ್ಲೆಯ ಪಶ್ಚಿಮದವರು ಅತ್ತಲಿನ ಜಿಲ್ಲೆಗಳಿಗೆ ಭೇಟಿ ಕೊಡಬಹುದಾಯಿತು. ಆದರೆ ನಿರ್ಬಂಧಿತ ವಲಯಕ್ಕೆ ಪ್ರವೇಶವಿಲ್ಲ. ಬವೇರಿಯಾದ ಮೋಡ್ಲಾರಾಯ್ಟ್‌ನವನು ಅಧಿಕೃತ ದಾರಿಯಲ್ಲಿ ಸುತ್ತಿ ಬಳಸಿ ಪೂರ್ವ ಜರ್ಮನಿಗೆ ಹೋಗಿ ಅಕ್ಕನನ್ನು ನೋಡಬಹುದಿತ್ತು, ಅಕ್ಕ ತನ್ನ ಮನೆ ಬಿಟ್ಟು ವಲಯದ ಹೊರಗೆ ಎಲ್ಲಾದರೂ ಬಂದು ಕೂತರೆ ಮಾತ್ರ. ಅಮೆರಿಕದ ಉಪಾಧ್ಯಕ್ಷ ಜಾರ್ಜ್ ಬುಷ್ 1983ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದು ಗೋಡೆಯ ಆಚೆ ನೋಡಿಹೋದರು. ಅವರನ್ನೂ ಆಚೆಯವರು ಕೈಬೀಸಿ ಸ್ವಾಗತಿಸುವಂತಿರಲಿಲ್ಲ.

ಕುಸಿತ ಬಂದದ್ದು ಬೇರೆ ಕಡೆಯಿಂದ

1989ರಲ್ಲಿ ಈ ಬೇಲಿಯನ್ನು ಯಾರೂ ಮುರಿಯಲಿಲ್ಲ. ತಾಂತ್ರಿಕವಾಗಿ ಅದು ಆ ವರ್ಷವೂ ಗಟ್ಟಿಯಾಗಿಯೇ ಇತ್ತು. ಆದರೆ ಇಡೀ ವ್ಯವಸ್ಥೆ ಒಂದು ಊಹೆಯ ಮೇಲೆ ನಿಂತಿತ್ತು: ಪೂರ್ವ ಜರ್ಮನಿಯವರು ರಜೆಗೆ ಹೋಗಬಹುದಾದ ಸಮಾಜವಾದಿ ದೇಶಗಳೂ ತಮ್ಮ ಪಶ್ಚಿಮದ ಗಡಿಯನ್ನು ಇಷ್ಟೇ ಬಿಗಿಯಾಗಿ ಕಾಯುತ್ತವೆ ಎಂದು. ಹಂಗರಿಯ ವಿದ್ಯುತ್ ಸಂಕೇತ ಬೇಲಿ ಹಳತಾಗಿತ್ತು, ಸುಳ್ಳು ಎಚ್ಚರಿಕೆಗಳಿಂದ ಬೇಸರ ತರಿಸಿತ್ತು. ಹೊಸ ತಂತಿಗೆ ಬೇಕಾದ ಹಣವನ್ನು ಪ್ರಧಾನಿ ಮಿಕ್ಲೋಶ್ ನೇಮೆತ್ ಬಜೆಟ್‌ನಿಂದ ಕೈಬಿಟ್ಟರು. 1989ರ ಮೇ 2ರಂದು ಹಂಗರಿ ಬೇಲಿ ಕೀಳಲು ಶುರುಮಾಡಿತು. ಆಗಸ್ಟ್ 19ರಂದು ಗಡಿಯ ಸೊಪ್ರೊನ್ ಪಟ್ಟಣದ ಸಮೀಪ ನಡೆದ ಪಿಕ್ನಿಕ್ ದಿನ ಸುಮಾರು 600 ಪೂರ್ವ ಜರ್ಮನರು ಆಸ್ಟ್ರಿಯಾಕ್ಕೆ ನಡೆದುಹೋದರು. ಸೆಪ್ಟೆಂಬರ್ 11ರಂದು ಹಂಗರಿ ಅವರಿಗೆ ಗಡಿ ತೆರೆಯಿತು. 1952ರ ನಂತರ ಬರ್ಲಿನ್‌ನ ದಾರಿ ತೆರೆದೇ ಇದ್ದುದರಿಂದ ಹಳ್ಳಿಗಾಡಿನ ಗಡಿ ಹೇಗೆ ಅರ್ಥ ಕಳೆದುಕೊಂಡಿತ್ತೋ ಈಗಲೂ ಹಾಗೆಯೇ ಆಯಿತು. ನವೆಂಬರ್ 9ರ ಸಂಜೆ ಪೂರ್ವ ಜರ್ಮನಿಯ ಆಡಳಿತ ಪಕ್ಷದ ವಕ್ತಾರ ಗುಂಟರ್ ಶಾಬೊವ್ಸ್ಕಿ ಪತ್ರಿಕಾಗೋಷ್ಠಿಯಲ್ಲಿ ಹೊಸ ಪ್ರಯಾಣ ನಿಯಮ ತಕ್ಷಣದಿಂದ ಜಾರಿ ಎಂದರು, ಆ ರಾತ್ರಿಯೇ ಬರ್ಲಿನ್‌ನ ದಾಟುಠಾಣೆಗಳು ತೆರೆದವು.

ಮೋಡ್ಲಾರಾಯ್ಟ್ ಇನ್ನೂ ಒಂದು ತಿಂಗಳು ಕಾಯಿತು. ಹತ್ತಿರದಲ್ಲಿ ಅಧಿಕೃತ ದಾಟುಠಾಣೆ ಇಲ್ಲದ ಊರಿಗೆ ಗೋಡೆ ಬಿದ್ದ ಸುದ್ದಿ ಟಿವಿಯಲ್ಲಿ ಬಂದರೂ ಗೋಡೆ ನಿಂತೇ ಇರುತ್ತದೆ. ಜನ ಒತ್ತಾಯಿಸಿದ ಮೇಲೆ 1989ರ ಡಿಸೆಂಬರ್ 9ರಂದು ಪಾದಚಾರಿಗಳಿಗೆ ಒಂದು ಕಿಂಡಿ ತೆರೆದರು. ಅದೇ ದಿನ ಹೋಫ್‌ನಲ್ಲಿ ಎರಡೂ ಕಡೆಯ ಸುಮಾರು 400 ಪರಿಸರವಾದಿಗಳು ಸೇರಿ ಗಡಿಪಟ್ಟಿಯನ್ನು ಹಸಿರು ಪಟ್ಟಿಯಾಗಿ ಉಳಿಸಬೇಕೆಂದು ನಿರ್ಣಯಿಸಿದರು; ಉಳುಮೆಯಿಲ್ಲದೆ ಬಿದ್ದಿದ್ದ ನೆಲದಲ್ಲಿ ಹೊಲಗದ್ದೆಗಳಿಂದ ಮರೆಯಾದ ಹಕ್ಕಿಗಳು ನೆಲೆಸಿದ್ದನ್ನು ಬವೇರಿಯಾದ ಕಡೆಯಿಂದ ದುರ್ಬೀನು ಹಿಡಿದು ವರ್ಷಗಟ್ಟಲೆ ಎಣಿಸಿದವರು ಅವರು. 1990ರ ಜೂನ್ 17ರಂದು ಮೋಡ್ಲಾರಾಯ್ಟ್‌ನ ಗೋಡೆಯ ಬಹುಭಾಗವನ್ನು ಯಂತ್ರದಿಂದ ಕೆಡವಿದರು, ಸುಮಾರು 100 ಮೀಟರ್ ಉಳಿಸಿಕೊಂಡರು. ಈಗ ಅಲ್ಲಿ ಬಯಲು ವಸ್ತುಸಂಗ್ರಹಾಲಯವಿದೆ, ಮೇಲೆ ವಿವರಿಸಿದ ಜಾಲರಿ, ಗೋಪುರ, ನಿಯಂತ್ರಣ ಪಟ್ಟಿ ಎಲ್ಲವನ್ನೂ ಸಾಲಾಗಿ ನೋಡಬಹುದು.

ಹಳ್ಳಿ ಮಾತ್ರ ಇಂದೂ ಎರಡು ರಾಜ್ಯಗಳಲ್ಲಿದೆ. 1810ರ ಗೆರೆ ಹಾಗೆಯೇ ಉಳಿಯಿತು. ಬವೇರಿಯಾದ ಭಾಗ ಟ್ಯೋಪೆನ್ ಪಂಚಾಯಿತಿಗೆ, ತುರಿಂಜಿಯಾದ ಭಾಗ ಗೇಫೆಲ್ ಪಟ್ಟಣಕ್ಕೆ ಸೇರಿದೆ. ಪಿನ್‌ಕೋಡ್ ಬೇರೆ, ದೂರವಾಣಿ ಸಂಕೇತ ಬೇರೆ, ಎರಡು ಕಡೆಯ ಮಕ್ಕಳಿಗೆ ಶಾಲಾ ರಜೆಯೂ ಬೇರೆ ಬೇರೆ.

ಲೆಕ್ಕಪತ್ರ ಮುಗಿಯದೆ ಉಳಿದದ್ದು ಆಸ್ತಿ ಮತ್ತು ಎತ್ತಂಗಡಿಯ ವಿಷಯದಲ್ಲಿ. ಆದೇಶ ಕೊಟ್ಟವರಲ್ಲಿ ಕೆಲವರಿಗೆ ಶಿಕ್ಷೆಯಾಯಿತು. ಕೊನೆಯ ನಾಯಕರಲ್ಲಿ ಒಬ್ಬರಾದ ಎಗೊನ್ ಕ್ರೆನ್ಸ್‌ಗೆ 1997ರಲ್ಲಿ ಆರೂವರೆ ವರ್ಷ ಸೆರೆ ಎಂದು ತೀರ್ಪಾಯಿತು. ಗೋಡೆ, ಬೇಲಿಗಾಗಿ ಕಿತ್ತುಕೊಂಡ ನೆಲವನ್ನು ಹಳೆಯ ಮಾಲೀಕರು ಮಾರುಕಟ್ಟೆ ಬೆಲೆಯ ಕಾಲುಭಾಗ ಕೊಟ್ಟು ಮತ್ತೆ ಕೊಂಡುಕೊಳ್ಳಬಹುದು ಎಂದು 1996ರ ಕಾನೂನು ಹೇಳಿತು. ತಮ್ಮದೇ ಹೊಲಕ್ಕೆ ಹಣ ಕೊಡಬೇಕೆಂಬುದು ಅನೇಕರಿಗೆ ನುಂಗಲಾಗದ ತುತ್ತು. 1952 ಮತ್ತು 1961ರಲ್ಲಿ ಎತ್ತಂಗಡಿಯಾದವರನ್ನು ಅನ್ಯಾಯಕ್ಕೊಳಗಾದವರೆಂದು ಗುರುತಿಸಿದ್ದು 1994ರ ಪುನರ್ವಸತಿ ಕಾನೂನು. ಅವರಿಗೆ ಒಂದು ಸಲದ ಪರಿಹಾರವಾಗಿ 7,500 ಯೂರೊ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 2025ರ ಜುಲೈ 1ರಂದು. 1952ರ ಆ ನಸುಕಿನಲ್ಲಿ ಲಾರಿ ಹತ್ತಿದ ಮಗುವಿಗೂ ಆಗ ಎಪ್ಪತ್ತಮೂರು ದಾಟಿತ್ತು.